ಕೂಗಿಲ್ಲದೆ ಬೆಂದ ಕುಕೀ

ಕುಕ್ಕರಿನ ವಿಷಲ್‌ಗೆ ಬಲು ಜಂಬ. ತಾನು ಕೂಗಿದರೆ ಸಾಕು, ಮನೆಮಂದಿಯೆಲ್ಲ ತಟ್ಟೆಯ ಮುಂದೆ ಹಾಜರು! ಒಂದು ಮಧ್ಯಾಹ್ನ ಮನೆಯೊಡತಿ ವಾರಿಜ ಅದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಪುಟ್ಟ ತಟ್ಟೆಯಲ್ಲಿ ಒಂದೇ ಒಂದು ಚಾಕೊಲೇಟ್ ಚಿಪ್ ಕುಕೀ ಬೇಯಲಿಟ್ಟಳು.

"ನಾನಿಲ್ಲದೆ ಅಡುಗೆಯೇ? ಬೆಂದದ್ದು ಯಾರಿಗೆ ತಿಳಿಯಬೇಕು?" ಎಂದು ವಿಷಲ್ ಸಿಡುಕಿತು.

"ಯಾರಿಗೂ ತಿಳಿಯಬಾರದೆಂದೇ ನಿನ್ನನ್ನು ತೆಗೆದಿಟ್ಟಿದ್ದಾಳೆ," ಎಂದಿತು ಕುಕ್ಕರ್. "ಇಷ್ಟು ವರ್ಷ ಎಲ್ಲರನ್ನೂ ಊಟಕ್ಕೆ ಕರೆದೆಯಲ್ಲ, ಅವಳನ್ನು ಎಂದಾದರೂ ಕರೆದೆಯಾ?"

"ಅವಳು ಇಲ್ಲೇ ಇರುತ್ತಾಳಲ್ಲ, ಕರೆಯುವುದೇನು ಬಂತು?"

ಕುಕೀ ಬೆಂದಿತು. ವಾರಿಜ ಒಲೆಯ ಪಕ್ಕದಲ್ಲೇ ನೆಲಕ್ಕೆ ಕೂತು, ಊದಿ ಊದಿ ತಿಂದಳು.

ಅವಳು ಏನನ್ನಾದರೂ ಬಿಸಿಬಿಸಿಯಾಗಿ ತಿನ್ನುವುದನ್ನು ವಿಷಲ್ ನೋಡಿದ್ದು ಅದೇ ಮೊದಲು.