ಕೆರೆ ಮುಟ್ಟಿದ ಹದ್ದು

ರೆಕ್ಕೆ ಬಡಿಯದೆ, ಬರೀ ಗಾಳಿಯ ಮೇಲೆ ತೇಲಿ ದೂರ ಹೋಗಿಬರುವುದು ಹದ್ದುಗಳ ಪಂದ್ಯ. ಹೋಗಿಬಂದವರು ಸಂಜೆ ಬಂಡೆಯ ಮೇಲೆ ಕೂತು, ಎಷ್ಟು ದೂರ ಹೋದೆವೆಂದು ಗಿಳಿಗೆ ಹೇಳಬೇಕು. ಗಿಳಿ ಅದನ್ನು ದಿನಾ ಬೆಳಗ್ಗೆ ಎಲ್ಲ ಬೆಟ್ಟಗಳಿಗೂ ಕೂಗಿ ಹೇಳುತ್ತದೆ. ನಿಜವೋ ಸುಳ್ಳೋ ನೋಡಲು ಹಿಂದೆ ಯಾರೂ ಹೋಗುವುದಿಲ್ಲ.

ಹಾಗೆ ತೇಲಿಕೊಂಡೇ ದೊಡ್ಡ ಕೆರೆ ಮುಟ್ಟಿ ಬಂದದ್ದು ಒಂದೇ ಒಂದು ಹೆಣ್ಣು ಹದ್ದು. ಅದು ಸತ್ತು ವರ್ಷವಾಗಿತ್ತು. ಅದರ ಗಂಡ, ಮುದಿ ಹದ್ದು, ಒಂದು ಸಂಜೆ ದಣಿದು ಬಂದು ಬಂಡೆಯ ಮೇಲೆ ಇಳಿಯಿತು.

"ಕೆರೆ ಮುಟ್ಟಿ ಬಂದೆ," ಎಂದಿತು.

"ಭೇಷ್ ಅಜ್ಜ. ನಾಳೆಯಿಂದ ಅಜ್ಜಿ ಹೆಸರಿನ ಜೊತೆ ನಿನ್ನ ಹೆಸರೂ ಕೂಗ್ತೀನಿ," ಎಂದಿತು ಗಿಳಿ.

ಮುದಿ ಹದ್ದು ಅಷ್ಟು ದೂರ ಹೋದದ್ದೇ ಆ ಮಾತು ಕೇಳಲು. ಆದರೂ ಅದು ಗಿಳಿಯನ್ನು ತಡೆಯಿತು.

"ಕೂಗಬೇಡ. ಕೆರೆ ಮೇಲೆ ಗಾಳಿ ನಿಂತುಹೋಯ್ತು. ಎರಡು ಸಲ ರೆಕ್ಕೆ ಬಡಿದೆ."

"ಎರಡೇ ತಾನೆ? ಯಾರು ನೋಡಿದ್ರು?"

"ಯಾರೂ ಇಲ್ಲ. ಆದರೆ ಅವಳು ಒಂದು ಸಲವೂ ಬಡಿದಿರಲಿಲ್ಲ. ಸುಳ್ಳು ಹೇಳಿ ಅವಳ ಜೊತೆ ಹೇಗೆ ನಿಲ್ಲಲಿ?"

ಪಕ್ಕದಲ್ಲಿ ಎಳೆ ಪ್ರಾಯದ ಹದ್ದೊಂದು ತನ್ನ ಸರದಿಗೆ ಕಾದಿತ್ತು. ಗಿಳಿ ಅದರ ಕಡೆ ತಿರುಗಿ, "ನಿಂದೇನಪ್ಪ?" ಎಂದಿತು.

"ನಿನ್ನೆ ನಾನು ಹೇಳಿದ್ದನ್ನ ಇನ್ನು ಕೂಗಬೇಡ," ಎಂದಿತು ಅದು. "ಇವತ್ತಿಂದು ಆಮೇಲೆ ಹೇಳ್ತೀನಿ."