ಹಲ್ಲಿಯ ಮೆಚ್ಚುಗೆ, ಇರುವೆಯ ತಕರಾರು

ನಮ್ಮನೆ ಗೋಡೆಯ ಜೇಡ ಆನ್‌ಲೈನಿನಲ್ಲಿ ಕೋಡಿಂಗ್ ಅಭ್ಯಾಸದ ಸವಾಲುಗಳನ್ನು ಹಾಕುತ್ತಿತ್ತು. ಅದಕ್ಕೆ ಕಂಪ್ಯೂಟರ್ ಕಲಿಸಿದವನು ನಾನೇ, ನೀವು ನಂಬಲೇಬೇಕು! ಪ್ರತಿ ಸವಾಲಿಗೂ ಹಲ್ಲಿ ಲೊಚಗುಟ್ಟುತ್ತಿತ್ತು. ಹಲ್ಲಿ ನುಡಿದರೆ ಸತ್ಯವೆಂದು ಜೇಡ ಬೀಗುತ್ತಿತ್ತು. ಆದರೂ ಕಲಿಯುವವರೆಲ್ಲ ಬಿಟ್ಟುಹೋಗಿ, ಇರುವೆಯೊಂದೇ ಉಳಿಯಿತು.

"ಜೇಡಣ್ಣ, ಸಕ್ಕರೆ ಕಾಳು ಎಣಿಸೋ ಸವಾಲಿನಲ್ಲಿ ಡಬ್ಬಿ ಖಾಲಿಯಿದ್ದರೆ ಉತ್ತರ ಸೊನ್ನೆ. ನಿನ್ನ ಸೈಟು ಅದನ್ನು ತಪ್ಪು ಅನ್ನುತ್ತೆ," ಎಂದಿತು ಇರುವೆ.

"ಹಲ್ಲಿಯಕ್ಕನೇ ಒಪ್ಪಿದ್ದಾಳೆ, ನೀನ್ಯಾವ ದೊಡ್ಡ ಪಂಡಿತೆ?"

ಇರುವೆ ಹಲ್ಲಿಯತ್ತ ತಿರುಗಿತು. "ಅಕ್ಕಾ, ನೀವು ಬಿಡಿಸಿ ನೋಡಿದಿರಾ?"

"ಅಯ್ಯೋ, ಓದಿಯೂ ಇಲ್ಲ ಕಣೇ! ಪಾಪ, ಬೇಜಾರಾಗದಿರಲಿ ಅಂತ ಲೊಚಗುಟ್ಟಿದೆ."

ಜೇಡ ನಾಚಿ, ಎಂಟೂ ಕಾಲು ಹಚ್ಚಿ ಸವಾಲನ್ನು ತಿದ್ದಿತು. "ತಂಗೀ, ಉಳಿದ ಸವಾಲುಗಳನ್ನೂ ಬೈದುಬಿಡೇ."

"ತಾಳು, ಬಿಟ್ಟುಹೋದವರನ್ನೆಲ್ಲ ಕರೆತರ್ತೀನಿ. ಅವರ ಬೈಗುಳ ಇನ್ನೂ ಚೆನ್ನಾಗಿವೆ!"