ಅತ್ತರಯ್ಯನ ಗುಡ್ಡ

ಹಾಲಬೆಂಚಿಯ ಬಡಗಣ ತುದಿಯಲ್ಲಿ, ಹತ್ತಿಯ ಗಿರಣಿ ದಾಟಿ ನಿಂತರೆ ಎದುರಿಗೆ ಕಾಣುವುದೇ ಅತ್ತರಯ್ಯನ ಗುಡ್ಡ. ಯಾರೋ ಬುಟ್ಟಿಯಲ್ಲಿ ತಂದು ಸುರಿದು ಹೋದಂತೆ ಬಂಡೆಯ ಮೇಲೆ ಬಂಡೆ, ಸಂದಿಗಳಲ್ಲಿ ಕಾರೆ ಮತ್ತು ಕಳ್ಳಿ. ಮೂಡಣ ಮಗ್ಗುಲು ಗೋಡೆಯ ಹಾಗೆ ಕಡಿದಾಗಿದ್ದು, ಅದರ ನೆತ್ತಿ ಮುಂದಕ್ಕೆ ಚಾಚಿಕೊಂಡಿದೆ. ಆ ಚಾಚುಬಂಡೆಯ ಕೆಳಗೆ ಹೆಜ್ಜೇನಿನ ಹುಟ್ಟುಗಳು ಕಪ್ಪು ಹಲಗೆಗಳಂತೆ ಜೋತುಬಿದ್ದಿವೆ. ಎಲೆ ಅಲುಗದ ಮಧ್ಯಾಹ್ನದಲ್ಲೂ ಅವುಗಳ ಮೈಮೇಲೆ ಅಲೆಯೊಂದು ಹರಿದು ಹೋಗುವುದು ಕೆಳಗಿನವರಿಗೂ ಕಾಣುತ್ತದೆ. ಇಂಥ ಗುಡ್ಡಕ್ಕೆ ಅತ್ತರಿನ ಹೆಸರೇಕೆ ಎಂದು ಹೊಸಬರು ಕೇಳುವುದುಂಟು. ಬೇಸಿಗೆಯಲ್ಲಿ ಕಾದ ಕಲ್ಲಿನ ವಾಸನೆ, ಮಳೆಗಾಲದಲ್ಲಿ ಆಡಿನ ಹಿಕ್ಕೆಯ ವಾಸನೆ, ಇವೆರಡನ್ನು ಬಿಟ್ಟರೆ ಅಲ್ಲಿ ಮೂಗಿಗೆ ಮತ್ತೇನೂ ಸಿಗದು. ಆದರೆ ಪೇಟೆಯಲ್ಲಿ ಸರಕನ್ನು ಬಿಚ್ಚಿ ನೋಡದೆ ಚೀಲದ ಮೇಲಿನ ಹೆಸರನ್ನು ಯಾರೂ ನಂಬುವುದಿಲ್ಲ. ಈ ಹೆಸರನ್ನೂ ಹಾಗೆಯೇ ಬಿಚ್ಚಿ ನೋಡಬೇಕು.

ಹಿಂದೆ ಒಮ್ಮೆ, ಸರಕೆಲ್ಲ ಎತ್ತಿನ ಬೆನ್ನ ಮೇಲೆ ಸಾಗುತ್ತಿದ್ದ ಕಾಲದಲ್ಲಿ, ಹಾಲಬೆಂಚಿಯಲ್ಲಿ ಗುರುಬಸಪ್ಪಸೆಟ್ಟಿ ಎಂಬ ಹತ್ತಿಯ ವರ್ತಕನಿದ್ದ. ಕರಾವಳಿಯ ಮೆಣಸು, ಅಡಿಕೆ, ಅತ್ತರುಗಳ ಹೇರು ಘಟ್ಟ ಹತ್ತಿ ಬಂದು ತನ್ನ ಅಂಗಳದಲ್ಲಿ ಇಳಿಯಬೇಕೆಂಬುದು ಅವನ ಬಹುದಿನದ ಆಸೆ. ಅದು ಇಳಿದರೆ ಹಾಲಬೆಂಚಿ ಪೇಟೆಯಾಗುತ್ತದೆ. ಇಳಿಯದಿದ್ದರೆ ಪಕ್ಕದ ಮುದ್ದನಾಳದ ಸೆಟ್ಟರ ಕೈಕೆಳಗಿನ ಹಳ್ಳಿಯಾಗಿ ಉಳಿಯುತ್ತದೆ. ಆ ಹೇರುಗಳ ಒಡೆಯ ಮಾಬ್ಲ ಪೈ ಎಂಬ ಬಂದರಿನ ವರ್ತಕ ಆ ವರ್ಷ ತಾನೇ ಬಂದು ಸೆಟ್ಟಿಯ ಮನೆಯಲ್ಲಿ ತಂಗಿದ್ದ. ಕೂತಲ್ಲಿ ಕೂರುವ ಜೀವವಲ್ಲ ಅದು. ಹಡಗಿನಲ್ಲಿ ಮಸ್ಕತ್ತಿನವರೆಗೆ ಹೋಗಿ ಬಂದವನಂತೆ. ಬಂದ ಮರುದಿನವೇ ಪಾಳುಬಾವಿಗೆ ಹಗ್ಗ ಕಟ್ಟಿ ಇಳಿದ. ಇನ್ನೊಂದು ದಿನ ಹೋರಿಯ ಬೆನ್ನೇರಿ ಊರವರನ್ನೆಲ್ಲ ನಗಿಸಿದ. ಸೆಟ್ಟಿ ಮುಂದೆ ನಗುತ್ತ, ಹಿಂದೆ ಮನೆದೇವರಿಗೆ ಹರಕೆ ಹೊರುತ್ತ ದಿನ ತಳ್ಳಿದ ಎನ್ನುತ್ತಾರೆ.

ಆ ಕಾಲದ ದೊಡ್ಡ ವರ್ತಕರಲ್ಲಿ ಒಂದು ಪದ್ಧತಿಯಿತ್ತು. ಮಾತು ಪಕ್ವವಾದ ಬೆಳಿಗ್ಗೆ ಇಬ್ಬರೂ ಒಬ್ಬರ ಬಲಮುಂಗೈಗೆ ಇನ್ನೊಬ್ಬರು ಅತ್ತರು ತೀಡುತ್ತಿದ್ದರು. ಹೊತ್ತು ಮುಳುಗುವವರೆಗೆ ಅದು ಉಳಿದರೆ ಪಾಲುಗಾರಿಕೆ ಕಾಯಂ. ಅದಕ್ಕೆ ಮುಂಚೆ ಯಾರು ಒರೆಸಿಕೊಂಡರೂ, ತೊಳೆದುಕೊಂಡರೂ, ತೊಳಿ ಎಂದು ಇನ್ನೊಬ್ಬನಿಗೆ ಹೇಳಿದರೂ ಮಾತು ಮುರಿದಂತೆ. ಕಾರಣ ಕೇಳುವ ಹಾಗೂ ಇರಲಿಲ್ಲ. ಪೈ ಮತ್ತು ಸೆಟ್ಟಿ ಹಾಗೆ ಅತ್ತರು ತೀಡಿಕೊಂಡು ಎಲೆಅಡಿಕೆ ಹಾಕಿಕೊಂಡ ಮೇಲೆ ಉಳಿದದ್ದು ಒಂದು ಹಗಲನ್ನು ಸುಮ್ಮನೆ ಕಳೆಯುವ ಕೆಲಸ ಮಾತ್ರ. ಅಷ್ಟರಲ್ಲಿ ಪೈಯ ಕಣ್ಣು ಗುಡ್ಡದ ಮೇಲೆ ಬಿತ್ತು.

"ಇವತ್ತು ಬ್ಯಾಡ್ರಿ ಪೈಗಳ, ನಾಳೆ ಹೋಗೂಣು" ಎಂದ ಸೆಟ್ಟಿ.

"ನಾಳೆ ನಾನು ಹೊರಡುವುದಲ್ವಾ? ಎಂತ ಸೆಟ್ಟರೇ, ನಿಮ್ಮ ಗುಡ್ಡಕ್ಕೂ ಬಾಗಿಲು ಉಂಟಾ, ಬೀಗ ಹಾಕ್ಲಿಕ್ಕೆ?"

ಸೆಟ್ಟಿಗೆ ಕಾರಣ ಗೊತ್ತಿತ್ತು. ಹಾಲಬೆಂಚಿಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿದ್ದದ್ದೇ ಅದು. ಪರಿಮಳ ಪೂಸಿಕೊಂಡವರು ಆ ಗುಡ್ಡ ಹತ್ತುವುದಿಲ್ಲ. ಹೆಂಗಸರು ಮುಡಿದ ಮಲ್ಲಿಗೆಯನ್ನೂ ತೆಗೆದಿಟ್ಟು ಹೋಗುತ್ತಾರೆ. ಹೆಜ್ಜೇನಿಗೆ ಪರಿಮಳ ಆಗದು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ 'ಕೈ ತೊಳಿ, ಇಲ್ಲವೆ ಮನೆಯಲ್ಲಿ ಕೂರು' ಎಂದಂತಾಗುತ್ತದೆ. ಕೂರುವ ಆಸಾಮಿ ಅವನಲ್ಲ. ಸೆಟ್ಟಿ ಮನಸ್ಸಿನಲ್ಲೇ ತೂಗಿ ನೋಡಿದ: ಗಾಳಿ ಮೂಡಣದಿಂದ ಬೀಸುತ್ತಿದೆ, ಹುಟ್ಟು ಇರುವುದೂ ಮೂಡಣಕ್ಕೆ, ವಾಸನೆ ಅತ್ತ ಹೋಗದು, ಈ ವರ್ಷ ಜೇನು ಎದ್ದ ಸುದ್ದಿಯೂ ಇಲ್ಲ. ಗೆಳೆಯರಾದ ಓಬಣ್ಣನಾಯಕನನ್ನೂ ಗಾಣದ ಪಂಪಣ್ಣನನ್ನೂ ಜೊತೆಗೆ ಕರೆದ. ಓಬಣ್ಣ ಗುಡ್ಡದ ಕಾವಲಿನ ಮನೆತನದ ಯಜಮಾನ. ಪಂಪಣ್ಣ ಎಣ್ಣೆ ವ್ಯಾಪಾರಿ, ಮಾತಿಗೆ ಮೊದಲು ನಗುವವ.

ನಡುಗುಡ್ಡದಲ್ಲಿ ಬಂಡೆಯ ಹೊಟ್ಟೆ ಒಳಗೆ ಸರಿದಂತಿರುವ ಒಂದು ನೀರಿನ ದೊಣೆಯಿದೆ. ಅಲ್ಲಿ ಓಬಣ್ಣ ನಿಂತು, "ಇಲ್ಲಿ ಕೈಮೈ ತೊಳಕೊಂಡ ಮುಂದ ಹೋಗೂದು" ಎಂದ. "ನಾ ತೊಳದ್ರ ದೊಣಿ ತುಂಬ ಎಣ್ಣಿ ಆಕ್ಕೈತಿ, ನಾಳಿ ದೀಪ ಹಚ್ಚಬೌದು" ಎಂದು ಪಂಪಣ್ಣ ಮೊಳಕೈವರೆಗೆ ನೀರು ಹಾಕಿಕೊಂಡ. ಪೈ ಕಾಲು ತೊಳೆದು, ಎಡಗೈ ತೊಳೆದು, ಬಲಗೈ ನೀರಿನ ತನಕ ಒಯ್ದು ನಿಲ್ಲಿಸಿದ. ಮುಂಗೈ ಮೂಸಿ ನೋಡಿ ಸೆಟ್ಟಿಯ ಕಡೆ ತಿರುಗಿದ.

"ಇದನ್ನೂ ತೊಳೀಬೇಕಾ ಸೆಟ್ಟರೇ? ನೀವು ಹೇಳಿದ್ರೆ ತೊಳೀತೇನೆ."

ಮೂವರೂ ಸೆಟ್ಟಿಯ ಬಾಯಿ ನೋಡಿದರು. ಹೌದೆಂದರೆ ಮೊದಲು ಮಾತು ಮುರಿದವನು ತಾನಾಗುತ್ತಾನೆ. ಮುದ್ದನಾಳದವರು ಅದಕ್ಕೇ ಕಾದು ಕೂತಿದ್ದಾರೆ. ಅತಿಥಿಗೆ 'ತೊಳಿ' ಎನ್ನುವುದು ನಾಲಿಗೆಗೆ ಬರುವ ಮಾತೂ ಅಲ್ಲ. ಸೆಟ್ಟಿ ಮುಗುಳ್ನಕ್ಕು, "ನಿಮ್ಮ ಚಿತ್ತ ಪೈಗಳ" ಎಂದ.

"ಸೆಟ್ರ, ಇನ್ನೊಮ್ಮಿ ವಿಚಾರ ಮಾಡ್ರಿ" ಎಂದು ಓಬಣ್ಣ ತಗ್ಗಿದ ದನಿಯಲ್ಲಿ ಹೇಳಿದ. ಸೆಟ್ಟಿ ಕೇಳಿಸದವನಂತೆ ಪಂಚೆಯ ಅಂಚು ಹಿಂಡಿದ. "ಹಾಗಾದ್ರೆ ನಿಮ್ಮ ಕೈಯ ಪರಿಮಳ ಸಂಜೆ ತನಕ ಇರ್ಲಿ" ಎಂದು ಪೈ ಶಲ್ಯದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಮುಂದೆ ನಡೆದ. ಅತಿಥಿಯಾದ್ದರಿಂದ ಅವನೇ ಮುಂದೆ.

ದೊಣೆ ದಾಟಿದ ಮೇಲೆ ಗುಡ್ಡ ಬೇರೆಯೇ ಆಯಿತು ಎನ್ನುತ್ತಾರೆ. ಕೆಳಗಿನ ಆಡಿನ ಗಂಟೆಗಳ ಸದ್ದು ಕೇಳದಾಯಿತು. ದಿನವೂ ಬಂಡೆಗಳ ಮೇಲೆ ಕೂತು ಹಲ್ಲುಕಿರಿಯುವ ಮುಸುಕೋತಿಗಳು ಒಂದೂ ಕಾಣಲಿಲ್ಲ. ಮೂಡಣ ಗಾಳಿ ನಿಂತುಹೋಯಿತು. ಕಲ್ಲಿನ ಕಾವು ಮುಖಕ್ಕೆ ಹೊಡೆಯತೊಡಗಿತು. ಪಂಪಣ್ಣನ ನಗೆಮಾತು ತಾನಾಗಿ ಬತ್ತಿತು. ಪೈ ಮಾತ್ರ ಪ್ರತಿ ಬಂಡೆಯ ಮೇಲೆ ನಿಂತು ಕೈ ಚಾಚಿ, "ಓ ಅದು ಯಾವ ಊರು? ಆ ಹೊಳೆ ಯಾವುದು?" ಎಂದು ಕೇಳುತ್ತಿದ್ದ. ಕೈ ಚಾಚಿದಾಗಲೆಲ್ಲ ಶಲ್ಯ ಸಡಿಲವಾಗಿ ಅತ್ತರು ಗಮ್ಮೆನ್ನುತ್ತಿತ್ತು. ಚಾಚುಬಂಡೆಯ ಪಕ್ಕದ ಓರೆದಾರಿಗೆ ಬಂದಾಗ ಒಂದೇ ಒಂದು ಹುಳ ಬಂದು ಅವನ ಮುಂಗೈ ಮೇಲೆ ಕೂತಿತು. ಅವನು ಅದನ್ನು ಹಗುರವಾಗಿ ತಟ್ಟಿ ಕೊಂದ. ಅದನ್ನು ನೋಡಿದ ಓಬಣ್ಣ ಅಲ್ಲೇ ನಿಂತ. ಸ್ವಲ್ಪ ಹೊತ್ತಿಗೆ, ದೂರದ ದಾರಿಯಲ್ಲಿ ತುಂಬಿದ ಬಂಡಿಗಳ ಸಾಲು ಬರುವಂಥ ಸದ್ದು ಕೇಳಿತು. ಆ ಕಡೆ ಬಂಡಿದಾರಿ ಇರಲಿಲ್ಲ.

"ಬೋರಲ ಬೀಳ್ರಿ" ಎಂದು ಓಬಣ್ಣ ಹೆಗಲ ಕಂಬಳಿ ಬಿಚ್ಚಿ ತನ್ನ ಪಕ್ಕದಲ್ಲಿದ್ದ ಇಬ್ಬರನ್ನೂ ಅದರಡಿ ಎಳೆದುಕೊಂಡ. ಪೈ ಮುಂದಿದ್ದ, ಕಂಬಳಿ ಅವನನ್ನು ಮುಟ್ಟಲಿಲ್ಲ. ಕತ್ತಲಲ್ಲಿ, ಮೇಲೆ ಆ ಸದ್ದು ಹರಿಯುತ್ತಿರುವಾಗ, ಸೆಟ್ಟಿ ತನ್ನ ಬಲಮುಂಗೈಯನ್ನು ಕಲ್ಲಿಗೆ ಹಚ್ಚಿ ತಿಕ್ಕಿದ. ಮಣ್ಣು ಹಾಕಿ ತಿಕ್ಕಿದ, ಉಗುಳಿ ತಿಕ್ಕಿದ, ತೊಗಲು ಕಿತ್ತು ಬಂದರೂ ಬಿಡಲಿಲ್ಲ. ಹೊರಗೆ ಪೈ, "ಸೆಟ್ಟರೇ" ಎಂದು ಕರೆದ. ಇನ್ನೊಮ್ಮೆ ಕರೆದ. ಆಮೇಲೆ ಆ ದನಿ ಮೇಲಕ್ಕೆ, ನೆತ್ತಿಯ ಕಡೆಗೆ ದೂರವಾಯಿತು. ಹೆಜ್ಜೇನನ್ನು ಗೆಳೆಯರಿಂದ ದೂರ ಸೆಳೆಯಲೆಂದೇ ಅವನು ಅತ್ತ ಓಡಿದ ಎನ್ನುವವರಿದ್ದಾರೆ. ಉರಿ ತಾಳದೆ ದಿಕ್ಕೆಟ್ಟು ಓಡಿದ ಎನ್ನುವವರೂ ಇದ್ದಾರೆ. ನೋಡಿದವರು ಯಾರೂ ಇಲ್ಲ. ಬಿಸಿಲು ಓರೆಯಾದ ಮೇಲೆ ಮೂಡಣ ಮಗ್ಗುಲಿನ ಬುಡದಲ್ಲಿ ಅವನ ದೇಹ ಸಿಕ್ಕಿತು. ಮುಖ ಗುರುತು ಸಿಗುವಂತಿರಲಿಲ್ಲ. ಬಲಮುಂಗೈಯ ಶಲ್ಯ ಬಿಚ್ಚಿದಾಗ ಅತ್ತರು ಹಾಗೆಯೇ ಇತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಸುದ್ದಿ ಕೇಳಿ ಪೈಯ ತಮ್ಮ ಘಟ್ಟ ಹತ್ತಿ ಬಂದ. ವಿಧಿ ಎಂದೋ ಗ್ರಹಚಾರ ಎಂದೋ ಹೇಳಿ ಕಳಿಸಬಹುದಿತ್ತು. ಓಬಣ್ಣನೂ ಪಂಪಣ್ಣನೂ ಬಾಯಿ ಬಿಡುವವರಲ್ಲ. ಆದರೆ ಆತ ಕೂತಕೂಡಲೇ ಸೆಟ್ಟಿಯ ಮುಂಗೈಗೆ ಕಟ್ಟಿದ ಬಟ್ಟೆ ನೋಡಿದ. "ಅದೆಂತ ಗಾಯ?" ಎಂದ. ಸೆಟ್ಟಿ ಬಟ್ಟೆ ಬಿಚ್ಚಿ ತೋರಿಸಿದ. ದೊಣೆಯ ಬಳಿ ಆಡಿದ ಮಾತನ್ನೂ, ಆಡದೆ ಬಿಟ್ಟ ಮಾತನ್ನೂ ಹೇಳಿದ.

"ನಿಮ್ಮ ಕೈ ಉಜ್ಜಲಿಕ್ಕೆ ಗೊತ್ತಿತ್ತಲ್ವಾ" ಎಂದ ತಮ್ಮ. "ತೊಳಿ ಅಂತ ಒಂದು ಒರಟು ಮಾತು ಅಣ್ಣನಿಗೆ ಹೇಳಿದ್ರೆ ಎಂತ ಹೋಗ್ತಿತ್ತು ಸೆಟ್ಟರೇ?"

ತಮ್ಮ ನೀರನ್ನೂ ಮುಟ್ಟದೆ ಎದ್ದು ಹೋದ. ಆ ವರ್ಷದಿಂದ ಕರಾವಳಿಯ ಹೇರು ಮುದ್ದನಾಳದಲ್ಲಿ ಇಳಿಯಿತು. ಸೆಟ್ಟಿ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ದೊಣೆಯ ಬಳಿ ಕೂರತೊಡಗಿದ. ಬಂದವರು ಯಾರೇ ಇರಲಿ, ಸುಂಕದ ಅಧಿಕಾರಿ, ಮಠದ ಸ್ವಾಮಿಗಳು, ಮಗಳ ಮಾವ, ಎಲ್ಲರಿಗೂ ಒಂದೇ ಮಾತು: "ತೊಳಿ." ಕೆಲವರು ಮುನಿಸಿಕೊಂಡು ಹಿಂದಿರುಗಿದರು; ಅವನು ತಡೆಯಲಿಲ್ಲ. ಅವನು ಹೋದ ಮೇಲೂ ಆ ಮಾತು ಅಲ್ಲಿ ಉಳಿಯಿತು. ಅತ್ತರಿನ ಕೈಯೊಂದಿಗೇ ಸತ್ತ ಪೈಯನ್ನು ಜನ ಅತ್ತರಯ್ಯ ಎಂದು ಕರೆದರು, ಗುಡ್ಡಕ್ಕಿದ್ದ ಹಳೆಯ ಹೆಸರನ್ನು ಮರೆತರು.

ಇಂದಿಗೂ ರಜೆಯ ದಿನಗಳಲ್ಲಿ ಗುಡ್ಡ ಹತ್ತಲು ಬರುವವರು ದೊಣೆಯ ಬಳಿ ಒಂದು ವಿಚಿತ್ರ ನೋಡುತ್ತಾರೆ. ಅಲ್ಲಿ ಯಾರೂ ತಾವಾಗಿ ನೀರು ಮುಟ್ಟುವುದಿಲ್ಲ. ಹಿರಿಯರು ಬಲಗೈ ಚಾಚಿಕೊಂಡು ನಿಲ್ಲುತ್ತಾರೆ. ಜೊತೆಯ ಕಿರಿಯರು ಹೇಳಬೇಕು, ಅದೂ ಏಕವಚನದಲ್ಲಿ. ಹೊಸದಾಗಿ ಮದುವೆಯಾದ ಸೊಸೆಯಂದಿರಿಗೆ ನಾಲಿಗೆ ಏಳುವುದಿಲ್ಲ. "ತೊಳೀರಿ ಅತ್ತಿ" ಎನ್ನುತ್ತಾರೆ. ಅತ್ತೆ ಕದಲುವುದಿಲ್ಲ. ಮೇಲೆ ಚಾಚುಬಂಡೆಯ ಅಡಿಯಲ್ಲಿ ಆ ಕಪ್ಪು ಹಲಗೆಗಳ ಮೇಲೆ ಅಲೆಯೊಂದು ಹರಿದು ಹೋಗುತ್ತದೆ, ಸೊಸೆ ಅತ್ತ ನೋಡಿ, ಕೊನೆಗೆ ತಲೆ ತಗ್ಗಿಸಿ, "ತೊಳಿ" ಎನ್ನುತ್ತಾಳೆ. ಆಗ ಅತ್ತೆ ಬಗ್ಗಿ ಕೈ ತೊಳೆದುಕೊಳ್ಳುತ್ತಾಳೆ.